ಗೃಹಪ್ರವೇಶದ ಕರು

ಹಸು ಕರು ಹೊಸಿಲು ದಾಟದ ಮನೆಗೆ ತಾನೂ ಕಾಲಿಡುವುದಿಲ್ಲ ಎಂದು ಊರಿನಿಂದ ಕೆಲವು ದಿನಕ್ಕೆಂದು ಬಂದಿದ್ದ ಪದ್ಮಿನಮ್ಮ ಹಟ ಹಿಡಿದಾಗ ಅವರ ಮಗ ಹಯವದನ ಫೋನ್ ಮಾಡಿದ್ದು ನನಗೆ. ಸ್ವೀಡನ್ನಿನ ಈ ಲಿಂಕೋಪಿಂಗಿನ ಕನ್ನಡದವರಿಗೆ ಏನು ಬೇಕಾದರೂ ನನಗೇ ಫೋನ್. ಮಗುವಿಗೆ ಜ್ವರ ಬಂದರೆ ಕುಮುದಕ್ಕ, ಕಮ್ಯೂನ್ ಅಂದರೆ ಇಲ್ಲಿನ ನಗರಸಭೆಯಿಂದ ಕಾಗದ ಬಂದರೆ ಕುಮುದಕ್ಕ, ಪರ್ಸನ್‌ನುಮ್ಮರ್ ಅನ್ನುವ ಗುರುತಿನ ಸಂಖ್ಯೆ ಸಿಗದಿದ್ದರೆ ಕುಮುದಕ್ಕ. ಇಷ್ಟು ವರ್ಷದಿಂದ ಇಲ್ಲಿನ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳ ಮೂಗು ಒರೆಸುತ್ತಿದ್ದೇನೆ. ಸ್ವೀಡಿಷ್ ಬರುತ್ತದೆ, ಇಲ್ಲ ಅನ್ನಲು ಬರುವುದಿಲ್ಲ. ಈ ಎರಡನೆಯದೇ ನನ್ನ ರೋಗ.

"ಹಸು ಎಲ್ಲಿಂದ ತರಲೋ ನಾನು?" ಎಂದೆ.

"ಅಕ್ಕಾ, ನೀವು ಡಾಗಿಸ್ ಮಕ್ಕಳನ್ನ ಒಂದು ಫಾರ್ಮ್‌ಗೆ ಕರ್ಕೊಂಡು ಹೋಗ್ತೀರಲ್ಲ, ಅವರನ್ನ ಕೇಳಿ ನೋಡಿ. ಒಂದೇ ಗಂಟೆ ಸಾಕು. ಅಮ್ಮ ಊಟ ಬಿಟ್ಟು ಕೂತಿದ್ದಾರೆ."

ಆ ಫಾರ್ಮ್ ಬೆರಿಟ್‌ಳದು. ಊರಿನ ಹೊರಗೆ, ಬಸ್ಸು ಇಳಿದು ಸ್ವಲ್ಪ ನಡೆಯಬೇಕು. ಅರವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಕೈಬೆರಳೆಣಿಕೆಯಷ್ಟು ಹಸು ಇಟ್ಟುಕೊಂಡಿದ್ದಾಳೆ. ಅವೂ ಎಲ್ಲರ ಮನೆಯ ಹಸುಗಳಲ್ಲ. ಉತ್ತರದ ಬೆಟ್ಟದ ಹಳೆಯ ತಳಿ, ಮೈಯೆಲ್ಲ ಬಿಳಿ, ಕಿವಿ ಮಾತ್ರ ಕಪ್ಪು, ಕೊಂಬೇ ಇಲ್ಲ. ಆ ತಳಿ ಉಳಿದಿರುವುದೇ ಕಡಿಮೆಯಂತೆ. ಅವಳ ಮೊಮ್ಮಗಳು ನಮ್ಮ ಡಾಗಿಸ್‌ಗೆ ಬರುತ್ತಿದ್ದಳು, ಹಾಗಾಗಿ ಪರಿಚಯ. ನಾನು ಹೋಗಿ ಸಂಕೋಚದಿಂದ ವಿಷಯ ಹೇಳಿದೆ. ಬೆರಿಟ್ ಕೇಳಿಸಿಕೊಂಡು, "ಅಂದರೆ ನಿಮ್ಮಲ್ಲಿ ಮನುಷ್ಯರಿಗಿಂತ ಮೊದಲು ಹಸು ಮನೆ ನೋಡುತ್ತದೆ. ಸರಿಯಾಗಿದೆ," ಎಂದಳು. ಏನು ಕೊಡಬೇಕು ಅಂದದ್ದಕ್ಕೆ ಒಂದು ಲೋಟ ಕಾಫಿ ಅಂದಳು. ಅಷ್ಟು ದೊಡ್ಡ ಮನಸ್ಸಿನವಳ ಮುಂದೆ ಆಮೇಲೆ ನಾವು ನಿಂತ ಪರಿ ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಹಯವದನನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಬೆಂಗಳೂರಿನಿಂದ ವರ್ಕ್ ಪರ್ಮಿಟ್ ಮೇಲೆ ಬಂದ ಹುಡುಗ, ಇಲ್ಲಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಆ ಕಂಪನಿ ಮಾಡುತ್ತಿದ್ದದ್ದೇ ದನಗಳ ನೋಂದಣಿಯ ಸಾಫ್ಟ್‌ವೇರ್. ಇಲ್ಲಿ ಕರು ಹುಟ್ಟಿದ ಕೆಲವೇ ದಿನಕ್ಕೆ ಎರಡು ಕಿವಿಗೂ ಹಳದಿ ಪ್ಲಾಸ್ಟಿಕ್ ಚೀಟಿ ಚುಚ್ಚುತ್ತಾರೆ. ಎರಡರಲ್ಲೂ ಒಂದೇ ನಂಬರು. ಯಾರ ಮನೆಯಲ್ಲಿ ಹುಟ್ಟಿತು, ತಾಯಿ ಯಾವುದು, ಯಾರಿಗೆ ಮಾರಿದರು, ಎಲ್ಲಿ ಸತ್ತಿತು, ಎಲ್ಲವೂ ಆ ನಂಬರಿನ ಹಿಂದೆ. ಹುಚ್ಚು ದನದ ಕಾಯಿಲೆ ಬಂದು ಯುರೋಪೆಲ್ಲ ನಡುಗಿದ ಮೇಲೆ ಈ ವಿಷಯದಲ್ಲಿ ಯಾರೂ ಯಾರ ಮುಲಾಜಿಗೂ ಬೀಳುವುದಿಲ್ಲ. ಆ ವರ್ಷ, ಅಂದರೆ ಎರಡು ಸಾವಿರದ ಏಳರ ಯುಗಾದಿ ಊಟದಲ್ಲಿ ಹಯವದನ ಒಬ್ಬಟ್ಟು ಮುರಿಯುತ್ತಾ, "ಇಡೀ ದೇಶದಲ್ಲಿ ಒಂದು ಕರು ಸೀನಿದ್ರೂ ನನ್ನ ಸಿಸ್ಟಮ್‌ಗೆ ಗೊತ್ತಾಗತ್ತೆ," ಎಂದು ಜಂಬ ಕೊಚ್ಚಿದ್ದ. ನಾವೆಲ್ಲ ನಕ್ಕಿದ್ದೆವು.

ಜೂನ್ ತಿಂಗಳ ಒಂದು ಶನಿವಾರ ಗೃಹಪ್ರವೇಶ. ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡುವ ಪ್ರಹ್ಲಾದ ಪಂಚೆ ಉಟ್ಟು ಪುರೋಹಿತನಾಗಿದ್ದ. ಬಾಗಿಲಿಗೆ ಮಾವಿನ ಎಲೆ ಸಿಗದೆ ಇಲ್ಲಿನ ಬರ್ಚ್ ಮರದ ಎಲೆಯ ತೋರಣ. ಬೆರಿಟ್ ಜೀಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಹಸು ಗಂಭೀರ, ಸುಮ್ಮನೆ ಇಳಿದು ನಿಂತಿತು. ಕರುವಿನ ಹೆಸರು ಲಿಲ್ಯಾ. ಎರಡು ತಿಂಗಳಿನದು, ತುಂಬ ಸಲಿಗೆಯ ಪ್ರಾಣಿ, ಯಾರ ಕೈ ಕಂಡರೂ ನೆಕ್ಕಲು ಬರುತ್ತಿತ್ತು. ಹಯವದನನ ಹೆಂಡತಿ ಶೋಭನಾ ಬೆರಿಟ್‌ಳನ್ನು ಹಿಂಬಾಗಿಲಿಂದ ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಫಿ, ಕೇಸರಿಬಾತು ಕೊಟ್ಟು ಕೂರಿಸಿದಳು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಸುವಿನ ಪಕ್ಕ ನಾನು ನಿಂತೆ.

ಪದ್ಮಿನಮ್ಮ ಕರುವಿನ ಹಣೆಗೆ ಕುಂಕುಮ ಇಡಲು ಬಗ್ಗಿದವರು ಕಿವಿ ನೋಡಿ ಹಿಂದೆ ಸರಿದರು.

"ಹಯೂ, ಇದೇನೋ ಇದು?"

"ನಂಬರ್ ಅಮ್ಮ. ನಮ್ಮ ಆಫೀಸ್ ಕೆಲಸ ಇದೇ. ಹುಟ್ಟಿದಾಗಿಂದ ಕೊನೇವರೆಗೂ ಇದರಿಂದಾನೇ ಟ್ರೇಸ್ ಮಾಡೋದು."

"ಕೊನೆ ಅಂದ್ರೆ ಯಾವುದು?"

ಬಾಯಿ ಮುಚ್ಚಿಕೊಂಡು ಇರಬಾರದೇ ಆ ಮಹಾನುಭಾವ. "ಸ್ಲಾಟರ್‌ಹೌಸ್," ಎಂದುಬಿಟ್ಟ.

ಪದ್ಮಿನಮ್ಮನ ಮುಖ ಬಿಳಿಚಿಕೊಂಡಿತು. "ಕಟುಕರ ಗುರುತು ಹೊತ್ತ ಕರು ಈ ಹೊಸಿಲು ದಾಟಬಾರದು ಕಣೋ. ನನ್ನ ಸೊಸೆ ಹಾಲು ಉಕ್ಕಿಸೋ ಮನೆ ಇದು. ತೆಗಿ ಅದನ್ನ."

ಪ್ರಹ್ಲಾದ ಗಡಿಯಾರ ನೋಡಿ ಮುಹೂರ್ತ ಮೀರುತ್ತಿದೆ ಅಂದ. ಬಂದವರೆಲ್ಲ ಕ್ಯಾಮೆರಾ ಹಿಡಿದು ಕಾಯುತ್ತಿದ್ದಾರೆ. ಹಯವದನ ಒಂದು ಕ್ಷಣ ಅತ್ತಿತ್ತ ನೋಡಿದ, ಗ್ಯಾರೇಜಿಗೆ ಹೋಗಿ ಕಟಿಂಗ್ ಪ್ಲೇಯರ್ ತಂದ. "ಏನಾಗಲ್ಲ ಬಿಡಿ. ನಂಬರ್ ಡೇಟಾಬೇಸ್‌ನಲ್ಲಿ ಇದೆಯಲ್ಲ. ಸೋಮವಾರ ಹೊಸದು ಆರ್ಡರ್ ಮಾಡ್ಸಿದ್ರಾಯ್ತು," ಎಂದು ನಮಗೆಲ್ಲ ಹೇಳಿದ. ದೊಡ್ಡ ಹಸು ಕಿವಿ ಮುಟ್ಟಗೊಡಲಿಲ್ಲ, ತಲೆ ಒದರಿತು. ಅದರ ಕಿವಿಗೆ ರವಿಕೆ ಕಣ ಸುತ್ತಿ ಚೀಟಿ ಮುಚ್ಚಿದರು. ಕರು ಪಾಪ, ಅವನ ಕೈ ನೆಕ್ಕುತ್ತಾ ನಿಂತಿತ್ತು. ಕಟ್ ಅಂತ ಒಂದು, ಕಟ್ ಅಂತ ಇನ್ನೊಂದು.

ದನದ ನೋಂದಣಿಯವನೇ ಕತ್ತರಿಸುತ್ತಿದ್ದಾನೆ, ಅವನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂದುಕೊಂಡೆ. ತಟ್ಟೆ ಹಿಡಿದುಕೊಂಡು ಸುಮ್ಮನಿದ್ದೆ. ತೂತಿನ ಮೇಲೆ ಮಲ್ಲಿಗೆ ದಾರ ಇಳಿಬಿಟ್ಟರು, ಕರು ಒಳಗೆ ಹೋಯಿತು, ಹಾಲು ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರಿಟ್ ಕೂಡ ತಟ್ಟಿದಳು. ಕತ್ತರಿಸಿದ ಚೀಟಿಗಳು ಬಾಡಿದ ಹೂವಿನ ಜೊತೆ ಕಸದ ಚೀಲ ಸೇರಿದವು.

ಮರುದಿನ ಬೆಳಿಗ್ಗೆ ಬೆರಿಟ್ ಫೋನ್ ಮಾಡಿದಳು. ಹೂವು ತೆಗೆಯುವಾಗ ನೋಡಿದಳಂತೆ, ಎರಡು ಕಿವಿಯಲ್ಲೂ ಚೀಟಿ ಇಲ್ಲ. ನಿಮ್ಮ ಅಂಗಳದಲ್ಲಿ ಬಿದ್ದಿದೆಯಾ ನೋಡು ಅಂದಳು. ಅನುಮಾನ ಇರಲಿಲ್ಲ ಅವಳ ದನಿಯಲ್ಲಿ. ನಾನು ಹಯವದನನಿಗೆ ಫೋನ್ ಹಚ್ಚಿದೆ.

"ಎಲ್ಲೋ ಬಿದ್ದುಹೋಗಿರಬೇಕು ಅನ್ನಿ ಅಕ್ಕಾ. ಹೊಸದಕ್ಕೆ ಆರ್ಡರ್ ಹಾಕಕ್ಕೆ ಹೇಳಿ, ಮುಗೀತು."

"ನೀನೇ ಹೇಳಬಾರದಾ, ಅಮ್ಮನ ಆಸೆಗೆ ಕತ್ತರಿಸಿದೆ ಅಂತ? ಅವಳು ಒಳ್ಳೆಯವಳು."

"ಬೇಡ ಅಕ್ಕಾ. ಚೀಟಿ ಕತ್ತರಿಸೋದು ಅಪರಾಧ. ನಾನಿರೋ ಕಂಪನಿ ಗೊತ್ತಲ್ಲ ನಿಮಗೆ."

ಗೊತ್ತಿತ್ತು. ಬೆರಿಟ್‌ಗೆ ವಾಪಸ್ ಫೋನ್ ಮಾಡಿ, ಎಲ್ಲೋ ಬಿದ್ದುಹೋಗಿರಬೇಕು ಅಂದೆ. ಸ್ವೀಡಿಷ್‌ನಲ್ಲಿ ಸುಳ್ಳು ಹೇಳುವುದು ಸುಲಭ ಅಂತ ಅವತ್ತು ಗೊತ್ತಾಯಿತು. ಬೇರೆ ಯಾರೋ ಮಾತಾಡಿದ ಹಾಗೆ ಇರುತ್ತದೆ. ಫೋನ್ ಇಟ್ಟ ಮೇಲೆ ಮಾತ್ರ ಅದು ನನ್ನದೇ ಬಾಯಿ ಅಂತ ತಿಳಿದು ಥೂ ಅನ್ನಿಸಿತು.

ಸೋಮವಾರ ಬೆರಿಟ್ ಹೊಸ ಚೀಟಿಗೆ ಅರ್ಜಿ ಹಾಕಿದಳು. ಮಂಗಳವಾರ ಅವಳಿಗೆ ಸರ್ಕಾರದ ಪಶು ತಪಾಸಣೆಯವರಿಂದ ಕರೆ ಬಂತು. ಅದೇ ಸಂಜೆ ಹಯವದನ ನಮ್ಮ ಮನೆಗೆ ಬಂದ. ಶೂ ಕೂಡ ಬಿಚ್ಚದೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ.

"ಫ್ಲ್ಯಾಗ್ ಆಗಿದೆ ಅಕ್ಕಾ."

"ಕನ್ನಡದಲ್ಲಿ ಹೇಳು."

ಹೇಳಿದ. ಕೆಲವರು ಸತ್ತ ಕರುವಿನ ನಂಬರನ್ನು ಕದ್ದು ತಂದ ಕರುವಿಗೆ ಹಾಕುತ್ತಾರಂತೆ. ಅದನ್ನು ಹಿಡಿಯಲು ಸಿಸ್ಟಮ್‌ನಲ್ಲಿ ಒಂದು ನಿಯಮ ಇದೆಯಂತೆ. ಎಳೆಗರುವಿನ ಎರಡೂ ಚೀಟಿ ಒಂದೇ ದಿನ ಕಳೆದುಹೋಗಿ, ಅದೇ ಕೊಟ್ಟಿಗೆಯಲ್ಲಿ ಅದೇ ಋತುವಿನಲ್ಲಿ ಇನ್ನೊಂದು ಕರು ಸತ್ತಿದ್ದರೆ ಅದು ತಾನಾಗಿ ಬೊಟ್ಟು ಮಾಡಿ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಬೆರಿಟ್‌ಳ ಒಂದು ಕರು ಸತ್ತಿತ್ತು.

"ಆ ನಿಯಮ ಯಾರು ಬರೆದದ್ದು?"

ಅವನು ತಲೆ ಎತ್ತಲಿಲ್ಲ. "ನಾನೇ."

ಈ ಕರು ಲಿಲ್ಯಾನೇ ಎಂದು ಸಾಬೀತಾಗದಿದ್ದರೆ ಕೊಲ್ಲುತ್ತಾರೆ. ಮಾರುವ ಹಾಗಿಲ್ಲ, ಸಾಕುವ ಹಾಗಿಲ್ಲ, ಕೊಂದು ಸುಡಬೇಕು. ತಾಯಿಯ ರಕ್ತ, ಇದರ ರಕ್ತ ಹೋಲಿಸಿ ನೋಡುವ ಪರೀಕ್ಷೆ ಇದೆ. ಆದರೆ ಚೀಟಿ ಹೇಗೆ ಹೋಯಿತು ಎಂದು ಯಾರಾದರೂ ಹೊಣೆ ಹೊತ್ತು ಹೇಳಿ ಸಹಿ ಹಾಕಿದರೆ ಮಾತ್ರ ಅದಕ್ಕೆ ಅವಕಾಶ ಕೊಡುತ್ತೇನೆ ಎಂದು ತಪಾಸಣೆಯವಳು ಹೇಳಿದ್ದಾಳೆ. ಗುರುವಾರ ಬರುತ್ತಾಳೆ. ಹಯವದನ ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಪರ್ಮಿಟ್, ಪರ್ಮಿಟ್ ಜೊತೆ ಮೊನ್ನೆ ಹಾಲು ಉಕ್ಕಿಸಿದ ಮನೆ. ಹಾಕದಿದ್ದರೆ ಕರು. ವಿಷಯ ಇಷ್ಟೇ, ಇದರಲ್ಲಿ ಯೋಚನೆ ಮಾಡುವುದೇನೂ ಇರಲಿಲ್ಲ. ಆದರೂ ಯೋಚನೆ ಮಾಡಿದೆವು.

ಬುಧವಾರ ಮಧ್ಯಾಹ್ನ ಅವನು ತನ್ನ ಜೊತೆ ನನ್ನನ್ನು ಬೆರಿಟ್‌ಳ ಮನೆಗೆ ಹೊರಡಿಸಿದ. ಸತ್ಯ ಹೇಳುತ್ತಾನೆ ಅಂದುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮುಂದೆ ನಮ್ಮನ್ನು ಕೂರಿಸಿ ಅವಳು ಕಾಫಿ ಬಗ್ಗಿಸಿದಳು. ಅವನ ಸ್ವೀಡಿಷ್ ಅಷ್ಟಕ್ಕಷ್ಟೇ, ಆಫೀಸಿನಲ್ಲೆಲ್ಲ ಇಂಗ್ಲಿಷು. ಹಾಗಾಗಿ ಅವನು ಕನ್ನಡದಲ್ಲಿ ಹೇಳುವುದು, ನಾನು ಅವಳಿಗೆ ದಾಟಿಸುವುದು.

"ಆ ಫ್ಲ್ಯಾಗ್‌ನ ನಾನು ತೆಗೆದುಹಾಕಬಲ್ಲೆ ಅನ್ನಿ ಅಕ್ಕಾ. ಟೆಸ್ಟ್ ಡೇಟಾ ತಪ್ಪಾಗಿ ಬಂದಿತ್ತು ಅಂತ ತೋರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ನಾನು ಅವನ ಕಡೆ ತಿರುಗಿದೆ. "ಇದನ್ನ ನಾನು ಹೇಳಬೇಕಾ?"

"ಪ್ಲೀಸ್ ಅಕ್ಕಾ. ಕರು ಉಳಿಯತ್ತೆ."

ಹೇಳಿದೆ. ಕರು ಉಳಿಯುತ್ತದೆ ಎಂಬ ಒಂದು ಮಾತು ಹಿಡಿದುಕೊಂಡು ಹೇಳಿಯೇಬಿಟ್ಟೆ. ಬೆರಿಟ್ ಲೋಟ ಕೆಳಗಿಟ್ಟಳು. ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಅವನಿಗೆ ಹೇಳು, ನಾನು ಹಸುಗಳನ್ನು ಕದ್ದು ಸಾಕುತ್ತಿಲ್ಲ," ಅಂದಳು. ಆಮೇಲೆ ನಿಧಾನವಾಗಿ, "ಚೀಟಿ ತಾನಾಗಿ ಬಿದ್ದರೆ ಕಿವಿ ಹರಿದಿರುತ್ತದೆ ಕುಮುದಾ. ಲಿಲ್ಯಾಳ ಕಿವಿ ಹರಿದಿಲ್ಲ," ಅಂದಳು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಭಾನುವಾರದಿಂದಲೂ ಅವಳಿಗೆ ಗೊತ್ತಿತ್ತು, ನಾವಾಗಿಯೇ ಹೇಳಲಿ ಎಂದು ಕಾಯುತ್ತಿದ್ದಳು. ಅವಳ ಮೊಮ್ಮಗಳಿಗೆ ದಿನಾ ಬೆಳಿಗ್ಗೆ ಸುಳ್ಳು ಹೇಳಬಾರದು ಪುಟ್ಟಿ ಅಂತ ಪಾಠ ಹೇಳುವವಳು ನಾನು.

ಅವತ್ತು ಸಂಜೆ ಹಯವದನನ ಮನೆಯಲ್ಲಿ ಎಲ್ಲ ಬಾಯಿ ಬಿಟ್ಟೆವು. ಪದ್ಮಿನಮ್ಮನಿಗೆ ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ. ಕರುವನ್ನು ಕೊಲ್ಲುತ್ತಾರೆ ಅಂದಾಗ ಅವರು ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟರು.

"ನಾನು ತೆಗಿ ಅಂದಿದ್ದಕ್ಕಾ?"

ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದರು.

"ಕಟುಕರ ಚೀಟಿ ಅಂದೆ. ಈಗ ನಾನೇ ಕಟುಕಳಾದೆ." ಅಳಲಿಲ್ಲ ಅವರು. ಅತ್ತಿದ್ದರೆ ನಮಗೆ ಸಲೀಸಾಗುತ್ತಿತ್ತು. "ಹಯೂ, ನಾಳೆ ನಾನೂ ಬರ್ತೀನಿ. ನೀನು ಏನು ಮಾಡ್ತೀಯಾ?"

"ನಾನೇ ಹೇಳ್ತೀನಿ ಅಮ್ಮ. ಸೈನ್ ಹಾಕ್ತೀನಿ. ಕೆಲಸ ಹೋದ್ರೆ ಹೋಗಲಿ." ಶೋಭನಾ ಬಾಗಿಲಿಗೆ ಒರಗಿ ನಿಂತಿದ್ದಳು. ಬೇಡ ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ಪದ್ಮಿನಮ್ಮ ಮಗನ ತಲೆ ಸವರಿದರು. ನನಗೂ ಅವನ ಮೇಲೆ ಅಭಿಮಾನ ಉಕ್ಕಿತು. ಹುಡುಗ ಕೆಟ್ಟವನಲ್ಲ, ಹೆದರಿದ್ದ ಅಷ್ಟೇ ಅಂದುಕೊಂಡು ಮನೆಗೆ ಬಂದೆ.

ಗುರುವಾರ ನಾನು ಡಾಗಿಸ್‌ಗೆ ರಜಾ ಹಾಕಿ ಪದ್ಮಿನಮ್ಮನನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಅವನು ಆಫೀಸಿನಿಂದ ಅವನ ಕಾರಿನಲ್ಲಿ ನೇರ ಬಂದ. ಕೊಟ್ಟಿಗೆಯಲ್ಲಿ ತಪಾಸಣೆಯವಳು ಆಗಲೇ ಇದ್ದಳು, ಪಶುವೈದ್ಯೆ, ನಡುವಯಸ್ಸಿನವಳು, ಉದ್ದನೆಯ ರಬ್ಬರ್ ಬೂಟು. ಕರುವನ್ನು ಬೇರೆ ಕಟ್ಟಿದ್ದರು. ನಮ್ಮನ್ನು ನೋಡಿ ಅದು ಹಗ್ಗ ಜಗ್ಗಿಕೊಂಡು ಹಯವದನನ ಕೈ ನೆಕ್ಕಲು ಬಂತು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

"ಕತ್ತರಿಸಿದ ಗುರುತು ಸ್ಪಷ್ಟವಾಗಿದೆ," ಅಂದಳು ವೈದ್ಯೆ. "ಯಾರು ಕತ್ತರಿಸಿದ್ದು?"

ಅಷ್ಟು ಸ್ವೀಡಿಷ್ ಅವನಿಗೆ ಬರುತ್ತಿತ್ತು. ನಾನು ಅನುವಾದ ಮಾಡಲಿಲ್ಲ, ಕಾದೆ. ಬೆರಿಟ್ ಕಾದಳು. ಪದ್ಮಿನಮ್ಮ ಮಗನ ಮುಖವನ್ನೇ ನೋಡುತ್ತಿದ್ದರು. ಅವನು ಕೊಟ್ಟಿಗೆಯ ನೆಲ ನೋಡುತ್ತಾ ನಿಂತ. ತುಟಿ ಅಲುಗಿತು, ಮಾತು ಬರಲಿಲ್ಲ. ವೈದ್ಯೆ ಇನ್ನೊಮ್ಮೆ ಕೇಳಿದಳು. ಆಗಲೂ ಇಲ್ಲ.

"ಏನು ಕೇಳ್ತಿದಾಳಮ್ಮ ಕುಮುದಾ?"

"ಯಾರು ಕತ್ತರಿಸಿದ್ದು ಅಂತ."

ಪದ್ಮಿನಮ್ಮ ಒಂದು ಹೆಜ್ಜೆ ಮುಂದೆ ಬಂದು ತಮ್ಮ ಎದೆ ಮುಟ್ಟಿ ತೋರಿಸಿದರು. "ನಾನು ಅನ್ನು. ನಾನೇ ಕತ್ತರಿಸಿದೆ, ನನ್ನ ಕೈಯಾರೆ. ಅವನು ಬೇಡ ಅಂದ, ನಾನು ಕೇಳಲಿಲ್ಲ. ಅನ್ನು."

ನಾನು ಅವನನ್ನು ನೋಡಿದೆ. ಈಗಲಾದರೂ ಬಾಯಿ ಬಿಡು ಮಾರಾಯ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಆ ಸುಳ್ಳನ್ನೂ ನಾನೇ ಸ್ವೀಡಿಷ್ ಮಾಡಿದೆ, ಕರುವಿನ ಮುಖ ನೋಡಿಕೊಂಡು ಮಾಡಿದೆ.

ವೈದ್ಯೆ ಪದ್ಮಿನಮ್ಮನ ಕೈ ನೋಡಿದಳು. ಗಂಟುಬಿದ್ದ ಬೆರಳುಗಳು, ಪ್ಲೇಯರ್ ಅದುಮುವ ಕೈಯಲ್ಲ ಅದು. ಆಮೇಲೆ ಹಯವದನನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು. "ನಿಮ್ಮ ತಾಯಿ ಹೇಳುತ್ತಿರುವುದು ನಿಜವಾ?"

"ಯಾ," ಅಂದ ಅವನು.

ಅಷ್ಟೇ. ಹೌದು ಅನ್ನಲು ಈ ಭಾಷೆಯಲ್ಲಿ ಒಂದೇ ಉಸಿರು ಸಾಕು. ವೈದ್ಯೆ ಏನೋ ಬರೆದು ಪದ್ಮಿನಮ್ಮನ ಮುಂದೆ ಹಿಡಿದಳು. ಅವರು ಸೆರಗಿಗೆ ಕೈ ಒರೆಸಿಕೊಂಡು ಕನ್ನಡದಲ್ಲಿ ಸಹಿ ಹಾಕಿದರು. ಕೆಳಗೆ ಸಾಕ್ಷಿ ಅಂತ ಅವನ ಕೈಯಲ್ಲೂ ಹಾಕಿಸಿಕೊಂಡಳು. ಪ್ರವಾಸಕ್ಕೆ ಬಂದ ವಯಸ್ಸಾದ ಹೆಂಗಸು, ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ರಕ್ತಪರೀಕ್ಷೆ ಮಾಡಿಸಿ ಅಂದಳು. ಕರು ಉಳಿಯಿತು. ಬೆರಿಟ್ ಬಂದು ಪದ್ಮಿನಮ್ಮನ ಎರಡೂ ಕೈ ಹಿಡಿದುಕೊಂಡಳು. ಹಯವದನ ಕೈ ಚಾಚಿದ. ಬೆರಿಟ್ ಕರುವಿನ ಹಗ್ಗ ಬಿಚ್ಚಲು ಹೋದಳು.

ಅವನು ಮೀಟಿಂಗ್ ಇದೆ ಅಂತ ಹೊರಟುಹೋದ. ಪದ್ಮಿನಮ್ಮ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಕಾರು ಹೊಲಗಳ ಮಧ್ಯದ ರಸ್ತೆಗೆ ಬಂದ ಮೇಲೆ ಅವರ ಮುಖ ನೋಡಿದೆ. ನಗುತ್ತಿದ್ದರು.

"ಎಷ್ಟಾದ್ರೂ ನನ್ನ ಮಗ ಕಣಮ್ಮ. ಮೊದಲು ನಾಲಿಗೆ ಏಳಲಿಲ್ಲ, ಹೆದರಿಕೆ ಪಾಪ. ಅದಕ್ಕೇ ನಾನು ಹಾಗಂದೆ. ತಾಯಿ ಮೇಲೆ ಬರತ್ತೆ ಅಂದ್ರೆ ಸುಮ್ಮನಿರ್ತಾನಾ ಅಂತ. ನೋಡು, ಅವಳು ಕೇಳಿದ ತಕ್ಷಣ ನಾನೇ ಕತ್ತರಿಸಿದ್ದು ಅಂತ ಅಂದೇಬಿಟ್ಟ. ಸೈನೂ ಹಾಕಿದ. ಕೆಲಸ ಹೋದ್ರೆ ಹೋಗಲಿ, ಊರಿಗೆ ಬಂದು ಗಂಜಿ ಕುಡಿದುಕೊಂಡು ಇರೋಣ."

ಎದುರು ಟ್ರ್ಯಾಕ್ಟರ್ ಬರುತ್ತಿತ್ತು, ಅದು ದಾಟುವವರೆಗೆ ಕಾರು ಪಕ್ಕಕ್ಕೆ ಹಾಕಿದೆ.

"ಅವಳು ಏನಂತ ಕೇಳಿದಳು, ಅವನು ಏನಂದ, ಸರಿಯಾಗಿ ಹೇಳು. ಒಂದೇ ಮಾತು ಅಂದನಲ್ಲ."

ಇಡೀ ವಾರ ಎಲ್ಲರ ಸುಳ್ಳನ್ನೂ ಒಂದಕ್ಷರ ಬಿಡದೆ ದಾಟಿಸಿದ್ದೆ. ಇದನ್ನು ಮಾತ್ರ ದಾಟಿಸಲು ನಾಲಿಗೆ ಹೊರಳಲಿಲ್ಲ. ಅವರು ಬಿಡಲಿಲ್ಲ, ಕೇಳುತ್ತಲೇ ಇದ್ದರು, ಮಗು ಕಥೆ ಕೇಳುವ ಹಾಗೆ.

"ನಿಮ್ಮ ತಾಯಿ ಹೇಳ್ತಿರೋದು ನಿಜವಾ ಅಂತ ಕೇಳಿದಳು," ಅಂದೆ. "ಹೌದು ಅಂದ."

ಟ್ರ್ಯಾಕ್ಟರ್ ಹೋಗಿ ಬಹಳ ಹೊತ್ತಾಗಿತ್ತು. ಪದ್ಮಿನಮ್ಮ ಬಲಗೈಯನ್ನು ಮಡಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಆಮೇಲೆ ಸೆರಗಿನೊಳಗೆ ಮುಚ್ಚಿಟ್ಟರು.

"ನನ್ನ ಟಿಕೆಟ್ ಈ ವಾರಕ್ಕೆ ಬದಲಾಯಿಸಕ್ಕಾಗತ್ತಾ ಕೇಳು," ಅಂದರು. "ಅಲ್ಲಿವರೆಗೂ ನಿಮ್ಮನೇಲಿ ಒಂದು ಚಾಪೆ ಹಾಕ್ಕೊಡು."